ಎಂಟರ ಮಗ್ಗಿ ಬಾಕಿಯಿತ್ತು

೨೦೦೬ರ ಜುಲೈ. ನೋಯ್ಡಾ ಪಕ್ಕದ ಇಂದಿರಾಪುರಂನ ಒಂದು ಖಾಸಗಿ ಶಾಲೆಯಲ್ಲಿ ನಾನು ಎರಡನೇ ತರಗತಿ ‘ಬಿ’ ವಿಭಾಗದ ಕ್ಲಾಸ್ ಟೀಚರ್. ಪತಿಯ ಕೇಂದ್ರ ಸರ್ಕಾರದ ನೌಕರಿಯ ಬೆನ್ನು ಹಿಡಿದು ಮೈಸೂರಿನಿಂದ ಕಿದ್ವಾಯಿ ನಗರದ ಕ್ವಾರ್ಟರ್ಸಿಗೆ ಬಂದವಳು, ಅವರು ನಿವೃತ್ತರಾದ ಮೇಲೆ ಇಂದಿರಾಪುರಂನ ಏಳನೇ ಮಹಡಿಗೆ ಏರಿದ್ದೆ. ಆಗ ನನಗೆ ಇಪ್ಪತ್ತೆರಡು ವರ್ಷದ ಸರ್ವಿಸ್. ಕ್ಲಾಸಿನಲ್ಲಿ ನಲವತ್ತೊಂದು ಮಕ್ಕಳು, ಎಲ್ಲರಿಗೂ ಏಳರ ಆಸುಪಾಸು. ಸ್ಟಾಫ್ ರೂಮಿನಲ್ಲಿ ನನ್ನನ್ನು ‘ಹೋಂವರ್ಕ್ ಮೇಡಂ’ ಎಂದು ಕಿಚಾಯಿಸುತ್ತಿದ್ದರು. ಅದನ್ನು ನಾನು ಹೊಗಳಿಕೆಯೆಂದೇ ತಿಳಿದಿದ್ದೆ.

ದಿನಕ್ಕೆ ನಾಲ್ಕು ಪುಟ ಕೊಡುತ್ತಿದ್ದೆ. ಇಂಗ್ಲಿಷ್ ಕಾಪಿ ಒಂದು, ಹಿಂದಿ ಒಂದು, ಲೆಕ್ಕ ಎರಡು. ಏಳು ವರ್ಷದ ಕೂಸುಗಳಿಗೆ ಇಷ್ಟೇಕೆ ಎಂದು ಕೇಳುವವರು ಆಗಲೂ ಇದ್ದರು, ಆದರೆ ಪೇರೆಂಟ್ಸ್ ಮೀಟಿಂಗಿಗೆ ಬರುವವರಲ್ಲಿ ಅಂಥವರು ಕಡಿಮೆ. ಪಕ್ಕದ ಶಾಲೆಯಲ್ಲಿ ಐದು ಪುಟ ಕೊಡುತ್ತಾರಂತೆ, ನೀವೇಕೆ ನಾಲ್ಕೇ ಎನ್ನುವವರೇ ಹೆಚ್ಚು. ಮುಗಿಸದ ಮಕ್ಕಳ ಡೈರಿಯಲ್ಲಿ ಒಂದು ಸಾಲು ಬರೆದು ಕಳಿಸಬೇಕು, ಮನೆಯವರು ಸಹಿ ಹಾಕಬೇಕು. ಅದೇ ಸಾಲನ್ನು ಬರೆದೂ ಬರೆದೂ ಕೈ ಸೋತು, ಮಾರ್ಕೆಟ್ಟಿನಲ್ಲಿ ನಾನೇ ಒಂದು ರಬ್ಬರ್ ಸ್ಟ್ಯಾಂಪ್ ಮಾಡಿಸಿಕೊಂಡು ಬಂದೆ. ‘ಹೋಂವರ್ಕ್ ಅಪೂರ್ಣ. ಮುಗಿಸದೆ ಶಾಲೆಯೊಳಗೆ ಪ್ರವೇಶವಿಲ್ಲ’ ಎಂದು ಇಂಗ್ಲಿಷಿನಲ್ಲಿ, ಕೆಂಪು ಶಾಯಿ. ಯಾರನ್ನೂ ನಾನು ಎಂದೂ ಹೊರಗೆ ನಿಲ್ಲಿಸಿದವಳಲ್ಲ. ಹೆದರಿಸಲು ಇರಲಿ ಎಂದಷ್ಟೇ.

ಜೋಯಾ ಎಂಬ ಹುಡುಗಿ ನನ್ನ ಕ್ಲಾಸಿನಲ್ಲಿದ್ದಳು. ತಾಯಿ ನಾಜಿಯಾ ದಾವಣಗೆರೆಯವರು, ನೋಯ್ಡಾದ ಸಾಫ್ಟ್‌ವೇರ್ ಕಂಪನಿಯಲ್ಲಿ ಕೆಲಸ. ಮಗಳಿಗೆ ಕನ್ನಡ ತಿಳಿಯುತ್ತಿತ್ತು, ಉತ್ತರ ಮಾತ್ರ ಹಿಂದಿಯಲ್ಲಿ. ಗುಂಡಗಿನ ಅಕ್ಷರ, ನಿಧಾನದ ಕೈ. ಒಂದು ಬುಧವಾರ ಅವಳ ಲೆಕ್ಕದ ಪುಸ್ತಕ ಅರ್ಧಕ್ಕೇ ನಿಂತಿತ್ತು. ಆರರಿಂದ ಎಂಟರವರೆಗಿನ ಮಗ್ಗಿಯನ್ನು ಐದೈದು ಸಲ ಬರೆಯಬೇಕಿತ್ತು. ನಾನು ಡೈರಿ ತೆರೆದು ಠಪ್ಪೆಂದು ಸ್ಟ್ಯಾಂಪ್ ಒತ್ತಿದೆ. ಅವಳು ಶಾಯಿ ಆರುವವರೆಗೂ ನಿಂತು, ಸಾಲಿನ ಕೆಳಗೆ ಬೆರಳಿಟ್ಟುಕೊಂಡು ಓದಿದಳು. ಹಾಗೆ ಬೆರಳಿಟ್ಟು ಓದುವುದನ್ನು ಕಲಿಸಿದವಳೂ ನಾನೇ.

ಮರುದಿನ ಏಳೂವರೆಗೆ ಹಾಜರಿ ಕರೆದಾಗ ಜೋಯಾ ಬಂದಿರಲಿಲ್ಲ. ಮಳೆಗಾಲದ ಜ್ವರವಿರಬೇಕು ಎಂದುಕೊಂಡು ಗೈರುಹಾಜರಿಯ ‘ಎ’ ಬರೆದು ಮುಂದಿನ ಹೆಸರು ಕೂಗಿದೆ.

ಒಂಬತ್ತು ನಲವತ್ತಕ್ಕೆ ಗೇಟಿನಿಂದ ಕರೆ ಬಂತು. ಕೆಳಗೆ ಹೋದರೆ ನಾಜಿಯಾ ನಿಂತಿದ್ದಾರೆ, ಕೈಯಲ್ಲಿ ಗುಲಾಬಿ ಬಣ್ಣದ ನೀರಿನ ಬಾಟಲಿ.

“ಆಫೀಸಿಗೆ ಹೊರಟಿದ್ದೆ ಮೇಡಂ. ಬಾಟ್ಲಿ ಮನೇಲೇ ಮರೆತು ಬಂದಿದಾಳೆ, ಈ ಸೆಖೇಲಿ ಪಾಪ. ಸ್ವಲ್ಪ ಕೊಟ್ಬಿಡ್ತೀರಾ?”

“ಜೋಯಾ ಇವತ್ತು ರಜೆ ಅಲ್ವಾ?” ಎಂದೆ.

ಅವರು ನಕ್ಕರು. ನಾನು ತಮಾಷೆ ಮಾಡುತ್ತಿದ್ದೇನೆಂದು ತಿಳಿದರು. ನನ್ನ ಮುಖ ನೋಡಿದ ಮೇಲೆ ಆ ನಗು ಹಾಗೇ ನಿಂತುಹೋಯಿತು. “ನಾನೇ ಬಸ್ಸಿಗೆ ಹತ್ತಿಸಿದೆನಲ್ಲ ಮೇಡಂ” ಎಂದರು.

ಜೋಯಾ ಬರುವ ಏಳನೇ ನಂಬರಿನ ಬಸ್ಸಿನಲ್ಲಿ ಮಕ್ಕಳನ್ನು ನೋಡಿಕೊಳ್ಳುವ ದೀದಿಯನ್ನು ಕರೆಸಿದರು. ಅವಳ ರೂಟ್ ಶೀಟಿನಲ್ಲಿ, ಅಂದರೆ ಹತ್ತಿದ ಮಕ್ಕಳಿಗೆ ಗುರುತು ಹಾಕುವ ಪಟ್ಟಿಯಲ್ಲಿ, ಜೋಯಾ ಹೆಸರಿನ ಮುಂದೆ ಗುರುತಿತ್ತು. ಇಳಿದವರಿಗೆ ಗುರುತು ಹಾಕುವ ಪದ್ಧತಿ ನಮ್ಮಲ್ಲಿರಲಿಲ್ಲ. “ಸಬ್ ಉತರ್ ಗಯೇ ಥೇ ಮೇಡಂಜಿ” ಎಂದು ಅವಳು ಅಳತೊಡಗಿದಳು. ಎಲ್ಲರೂ ಇಳಿದರೆಂದ ಮೇಲೆ ಮಗು ಬಸ್ಸಿಗೂ ಕ್ಲಾಸಿಗೂ ನಡುವೆ ಎಲ್ಲೋ ಕಳೆದುಹೋಗಿದೆ ಎಂದೇ ಎಲ್ಲರೂ ನಂಬಿದೆವು. ಟಾಯ್ಲೆಟ್, ಲ್ಯಾಬು, ನೀರಿನ ಟ್ಯಾಂಕು, ಜನರೇಟರ್ ಕೋಣೆ, ಎಲ್ಲ ನೋಡಿದ್ದಾಯಿತು. ಶಾಲೆಯ ಸುತ್ತ ಆಗ ಅರ್ಧಕ್ಕೆ ನಿಂತ ಟವರ್‌ಗಳು, ಬೇಸ್‌ಮೆಂಟಿಗೆಂದು ತೋಡಿದ ಗುಂಡಿಗಳ ತುಂಬ ಮಳೆನೀರು. ಗಾರ್ಡ್‌ಗಳು ಬಿದಿರು ಕೋಲು ಹಿಡಿದು ಅತ್ತ ಓಡಿದರು. ಆ ಕೋಲು ಯಾತಕ್ಕೆ ಎಂದು ನಾಜಿಯಾಗೆ ತಿಳಿಯದಿರಲಿ ಎಂದು ನಾನು ಅವರನ್ನು ಒಳಗೆ ಕೂರಿಸಿದೆ.

ಹತ್ತು ಐದಕ್ಕೆ ಪ್ರಿನ್ಸಿಪಾಲರು ನನ್ನನ್ನು ಪಕ್ಕಕ್ಕೆ ಕರೆದರು. ನಿನ್ನೆ ಏನಾದರೂ ಆಗಿತ್ತೇ, ಮಗುವನ್ನು ಬೈದಿದ್ದಿರಾ ಎಂದು ಕೇಳಿದರು.

“ನೋ ಮ್ಯಾಮ್” ಎಂದೆ.

ಇದನ್ನು ಬರೆಯಲು ಇಷ್ಟು ವರ್ಷ ಹಿಂಜರಿದದ್ದು ಈ ಎರಡು ಪದಗಳಿಗಾಗಿ. ಮಗುವಿಗೆ ಏನಾಯಿತೋ ಎಂಬ ಭಯ ಒಂದು ಕಡೆ. ಸ್ಟ್ಯಾಂಪಿನ ವಿಷಯ ಹೊರಬಿದ್ದರೆ ನನ್ನ ಕೆಲಸ, ನನ್ನ ಹೆಸರು, ನಾಳೆಯ ಪೇಪರು ಎಂಬ ಭಯ ಇನ್ನೊಂದು ಕಡೆ. ಆ ಕ್ಷಣ ಬಾಯಿ ತೆರೆದದ್ದು ಎರಡನೆಯ ಭಯ. ಪೊಲೀಸರಿಗೆ ಫೋನ್ ಹೋಯಿತು. ನಾನು ನಾಜಿಯಾ ಪಕ್ಕ ಬೆಂಚಿನ ಮೇಲೆ ಕುಳಿತೆ. ಅವರು ಬಾಟಲಿಯನ್ನು ಎದೆಗೊತ್ತಿಕೊಂಡಿದ್ದರು. ಸ್ವಲ್ಪ ಹೊತ್ತಾದ ಮೇಲೆ ನನ್ನ ಕೈ ಹಿಡಿದರು.

“ಇಲ್ಲಿ ನಮ್ಮೋರು ಅಂತ ನೀವೊಬ್ರಿದೀರಲ್ಲ ಮೇಡಂ, ಅದೇ ಧೈರ್ಯ ನಂಗೆ.”

ನನಗೆ ತಡೆಯಲಾಗಲಿಲ್ಲ. ಸ್ಟ್ಯಾಂಪಿನ ವಿಷಯವನ್ನೆಲ್ಲ ಹೇಳಿಬಿಟ್ಟೆ. ಅವರು ಕೈ ಬಿಟ್ಟರು. ಸಿಟ್ಟಿನಿಂದಲ್ಲ, ಏನನ್ನೋ ನೆನಪಿಸಿಕೊಳ್ಳುತ್ತಿದ್ದರು.

“ಡೈರಿ ನಂಗೆ ತೋರಿಸ್ಲೇ ಇಲ್ಲ. ಬೆಳಿಗ್ಗೆ ಬಸ್ಸಿಗೆ ಕಾಯ್ತಾ ಮಂಡಿ ಮೇಲಿಟ್ಕೊಂಡು ಬರೀತಾನೇ ಇದ್ಲು ಮೇಡಂ. ಸಾಕು ಬಿಡು ಅಂದ್ರೆ, ಅಮ್ಮಿ, ಬಸ್ ಮೇ ಖತಮ್ ಕರ್ ಲೂಂಗಿ ಅಂದ್ಲು.”

ಬಸ್ಸಿನಲ್ಲೇ ಮುಗಿಸುತ್ತೇನೆ ಎಂದಿದ್ದಾಳೆ. ಮುಗಿಸದೆ ಶಾಲೆಯೊಳಗೆ ಬರಕೂಡದು ಎಂದು ಓದಿಕೊಂಡಿದ್ದಾಳೆ. ಇಬ್ಬರೂ ಒಟ್ಟಿಗೇ ಎದ್ದೆವು.

ಆಗ ಹತ್ತು ಇಪ್ಪತ್ತೈದು. ಮಕ್ಕಳನ್ನು ಇಳಿಸಿದ ಬಸ್ಸುಗಳು ಒಂದೂವರೆ ಕಿಲೋಮೀಟರ್ ದೂರದ ಖಾಲಿ ಸೈಟಿನಲ್ಲಿ ಮಧ್ಯಾಹ್ನದವರೆಗೆ ನಿಲ್ಲುತ್ತಿದ್ದವು. ಡ್ರೈವರ್ ಫೋನ್ ಎತ್ತಿ, ಬಸ್ಸು ಲಾಕ್ ಆಗಿದೆ, ಒಳಗೆ ಯಾರೂ ಇಲ್ಲ ಎಂದ. ತೆಗೆದು ನೋಡು ಎಂದು ಕಿರುಚಿದೆ. ನಾಜಿಯಾ ಕಾರಿನಲ್ಲಿ ಹೊರಟೆವು. ಮೋಡ ಸರಿದು ಬಿಸಿಲು ಬಿದ್ದಿತ್ತು. ಮುಚ್ಚಿದ ಬಸ್ಸಿನಲ್ಲಿ ಮೂರು ಗಂಟೆ, ನೀರಿಲ್ಲ. ಬಾಟಲಿ ನನ್ನ ಮಡಿಲಲ್ಲಿತ್ತು. ಅದನ್ನು ನೋಡಲು ನನಗೆ ಧೈರ್ಯವಿರಲಿಲ್ಲ.

ನಾವು ತಲುಪುವಾಗ ಡ್ರೈವರ್ ಆಗಷ್ಟೇ ಬಾಗಿಲು ತೆಗೆಯುತ್ತಿದ್ದ. ಒಳಗಿನಿಂದ ಒಲೆಯ ಮುಂದೆ ನಿಂತಂಥ ಝಳ ಮುಖಕ್ಕೆ ಹೊಡೆಯಿತು. ಕೊನೆಯ ಸೀಟಿನ ಮುಂದೆ, ನೆಲದ ಮೇಲೆ ಜೋಯಾ ಕುಳಿತಿದ್ದಳು. ತಲೆ ಸೀಟಿಗೆ ವಾಲಿತ್ತು, ಯೂನಿಫಾರ್ಮ್ ಬೆವರಿನಲ್ಲಿ ತೊಯ್ದಿತ್ತು, ತುಟಿ ಒಣಗಿ ಬೆಳ್ಳಗಾಗಿತ್ತು. ತಾಯಿ ಕೂಗಿದರೂ ಕಣ್ಣು ತೆರೆಯಲಿಲ್ಲ. ನೀರು ಮುಖಕ್ಕೆ ಚಿಮುಕಿಸಿದ ಮೇಲೆ ರೆಪ್ಪೆ ಅಲುಗಿತು. ಆ ಮೂಲೆಯ ಕಿಟಕಿಯ ಗಾಜು ಕೆಟ್ಟು ಎರಡು ಬೆರಳಿನಷ್ಟು ತೆರೆದೇ ಇರುತ್ತಿತ್ತು. ಅಷ್ಟು ಗಾಳಿಯಲ್ಲಿ ಅವಳು ಉಳಿದಿದ್ದಳು.

ಕಣ್ಣು ಬಿಟ್ಟವಳು ತಾಯಿಯನ್ನಲ್ಲ, ನನ್ನನ್ನು ನೋಡಿದಳು. ನೋಡಿ ಹಿಂದಕ್ಕೆ ಸರಿದಳು.

“ಏಟ್ ಕಾ ಟೇಬಲ್ ಬಾಕಿ ಹೈ ಮ್ಯಾಮ್. ಸಾರಿ” ಎಂದಳು.

ಆಸ್ಪತ್ರೆಯಲ್ಲಿ ಡ್ರಿಪ್ ಹಾಕಿದರು. ಇನ್ನರ್ಧ ಗಂಟೆ ತಡವಾಗಿದ್ದರೆ ಹೇಳಲಾಗುತ್ತಿರಲಿಲ್ಲ ಎಂದು ಡಾಕ್ಟರು ಅಂದಾಗ, ನಾನು ಸುಳ್ಳು ಹೇಳಿ ಕಳೆದ ಇಪ್ಪತ್ತು ನಿಮಿಷವನ್ನು ಆ ಅರ್ಧ ಗಂಟೆಯಿಂದ ಕಳೆದು ನೋಡಿದೆ. ಸಂಜೆ ಅವಳು ಹೇಳಿದ್ದು ಇಷ್ಟು: ಎಲ್ಲರೂ ಇಳಿಯುವಾಗ ಸೀಟಿನ ಹಿಂದೆ ಬಗ್ಗಿ ಕೂತಳು, ಬರೆಯುತ್ತ ನಿದ್ದೆ ಬಂತು, ಎದ್ದಾಗ ಬಾಗಿಲು ಹಾಕಿತ್ತು. ಕೂಗಲಿಲ್ಲವೇ ಎಂದರೆ, ಕೂಗಿದರೆ ಮ್ಯಾಮ್‌ಗೆ ಗೊತ್ತಾಗುತ್ತಿತ್ತು ಎಂದಳು.

ಅಂದೇ ಪ್ರಿನ್ಸಿಪಾಲರಿಗೆ ಎಲ್ಲವನ್ನೂ ಬರೆದುಕೊಟ್ಟೆ. ಮೆಮೋ ಬಂತು, ಕೆಲಸ ಉಳಿಯಿತು. ಪ್ರತಿ ಬಸ್ಸನ್ನೂ ಕೊನೆಯ ಸೀಟಿನವರೆಗೆ ನಡೆದು ನೋಡಬೇಕೆಂಬ ನಿಯಮ ಬಂತು, ಎರಡನೇ ತರಗತಿಯವರೆಗೆ ಹೋಂವರ್ಕ್ ನಿಂತಿತು. ನಿಲ್ಲಿಸಿದ್ದೇಕೆ ಎಂದು ಜಗಳಕ್ಕೆ ಬಂದ ತಂದೆತಾಯಿಗಳೂ ಇದ್ದರು. ನಾಜಿಯಾ ನನ್ನನ್ನು ಬೈಯಲಿಲ್ಲ. “ಮೊದಲೇ ಹೇಳಬಹುದಿತ್ತಲ್ಲ ಮೇಡಂ” ಎಂದರು, ಅಷ್ಟೇ. ಮತ್ತೆಂದೂ ನನ್ನೊಂದಿಗೆ ಕನ್ನಡದಲ್ಲಿ ಮಾತಾಡಲಿಲ್ಲ.

ಆ ದಿನ ನನಗೆ ಕಲಿಸಿದ ಪಾಠ ದೊಡ್ಡದೇನಲ್ಲ. ದೊಡ್ಡವರು ಹೆದರಿಸಲೆಂದು ಬರೆದದ್ದನ್ನು ಏಳು ವರ್ಷದ ಮಗು ನಿಜವೆಂದೇ ನಂಬುತ್ತದೆ. ಮತ್ತೆ, ತಪ್ಪು ನನ್ನದಾದರೆ ಅದನ್ನು ಮೊದಲನೇ ನಿಮಿಷದಲ್ಲೇ ಹೇಳಬೇಕು.

ಐದನೆಯ ದಿನ ಜೋಯಾ ಶಾಲೆಗೆ ಬಂದಳು. ಹಾಜರಿ ಕರೆಯುತ್ತಿದ್ದೆ. ಬಾಗಿಲಿನ ಹೊಸ್ತಿಲಾಚೆ ಬೂಟು ಜೋಡಿಸಿಕೊಂಡು ನಿಂತಿದ್ದಳು. ಬಾ ಎಂದರೂ ಬರಲಿಲ್ಲ. ಲೆಕ್ಕದ ಪುಸ್ತಕ ತೆರೆದು ಎರಡು ಕೈಯಲ್ಲಿ ಮುಂದೆ ಹಿಡಿದಿದ್ದಳು. ಎಂಟರ ಮಗ್ಗಿ, ಐದು ಸಲ.

“ಅಬ್ ಅಂದರ್ ಆಊಂ ಮ್ಯಾಮ್?” ಎಂದಳು, ಈಗ ಒಳಗೆ ಬರಲೇ ಎಂದು.