ಕಾಕಾ ಎಣಿಸದೆ ಬಿಟ್ಟ ಮೀನುಗಳು

ಕಳೆದ ತಿಂಗಳು ಕಪಾಟಿನ ಮೇಲಿದ್ದ ಹಳೆಯ ಟ್ರಂಕು ಇಳಿಸಿ ತೆರೆದಾಗ ಮೊದಲು ಬಂದದ್ದು ವಾಸನೆ. ಸೀರೆಗಳ ಕೆಳಗೆ, ಮೂರು ಪ್ಲಾಸ್ಟಿಕ್ ಚೀಲಗಳಲ್ಲಿ ಒಂದರೊಳಗೊಂದು ಸುತ್ತಿಟ್ಟ ರಟ್ಟಿನ ರಿಜಿಸ್ಟರು. ಇಪ್ಪತ್ತೈದು ವರ್ಷ ದಾಟಿದರೂ ಅದರ ಹಾಳೆಗಳಿಗೆ ಹೊಳೆಮೀನಿನ ವಾಸನೆ ಹಾಗೇ ಅಂಟಿಕೊಂಡಿತ್ತು. ಆ ಮೂರು ಚೀಲ ನಮ್ಮವ್ವನ ಕೆಲಸ. ಧಾರವಾಡದಿಂದ ಪುಣೆಗೆ ಬಂದು ನೆಲೆಸಿದ, ಉಳ್ಳಾಗಡ್ಡಿ ತಿನ್ನುವುದಕ್ಕೂ ವಾರ ನೋಡುವ ಮನೆ ನಮ್ಮದು. ಮಗಳು ಮೀನಿನ ಲೆಕ್ಕ ಬರೆಯುವ ನೌಕರಿ ಹಿಡಿದದ್ದು ಅವ್ವನಿಗೆ ಕೊನೆಯವರೆಗೂ ಗಂಟಲಲ್ಲಿ ಇಳಿಯಲಿಲ್ಲ. ರಿಜಿಸ್ಟರು ಕೈಯಲ್ಲಿ ಹಿಡಿದು ನಿಂತೆ, ದೋಣಿಯ ಕಾಕಾ ನೆನಪಾದ. ನೆನಪಾದ ಅನ್ನುವುದೂ ಪೂರ್ತಿ ನಿಜವಲ್ಲ. ಅವನನ್ನು ಮರೆಯಲು ನಾನು ಸಾಕಷ್ಟು ಶ್ರಮಪಟ್ಟಿದ್ದೆ...

ಅವು ತೊಂಬತ್ತರ ದಶಕದ ಕೊನೆಯ ವರ್ಷಗಳು. ಸಂಖ್ಯಾಶಾಸ್ತ್ರದಲ್ಲಿ ಎಂ.ಎಸ್ಸಿ. ಮುಗಿಸಿ ಪುಣೆಯ ಒಂದು ಸಂಶೋಧನಾ ಸಂಸ್ಥೆಯಲ್ಲಿ ಸಹಾಯಕಿಯಾಗಿ ಸೇರಿದ್ದೆ. ನಮ್ಮ ಯೋಜನೆಯ ಮುಖ್ಯಸ್ಥರು ಮರಾಠಿಯವರು, ನಮಗೆಲ್ಲ ಬರೀ ‘ಸರ್’. ಕೆಲಸ ಪುಣೆಯ ಹತ್ತಿರದ ಶಿರೂರಿನ ಆಚೆ, ಹೊಳೆಯ ಒಂದು ತಿರುವಿನಲ್ಲಿ. ಅಲ್ಲೊಂದು ಆಳವಾದ ಮಡು, ಅದರ ಪಕ್ಕದಲ್ಲಿ ಹರಳುಗಲ್ಲಿನ ಸಣ್ಣ ಕವಲು. ಖಡಶಿ ಎಂಬ ದೊಡ್ಡ ಹುರುಪೆಯ ಮೀನು ಮೊಟ್ಟೆಯಿಡುವುದು ಇಂಥ ಹರಳಿನ ಮೇಲೆ ಹರಿಯುವ ತಿಳಿನೀರಿನಲ್ಲಿ. ಆದರೆ ಆ ಕವಲಿನ ಬಾಯಿ ಹೂಳು ತುಂಬಿ ಮುಚ್ಚಿಹೋಗಿ ಎಷ್ಟೋ ವರ್ಷವಾಗಿತ್ತು. ಸರಕಾರದ ಒಂದು ಖಾತೆಯವರು ಅದನ್ನು ತೆರೆಯೋಣ ಅನ್ನುತ್ತಿದ್ದರು. ಇನ್ನೊಂದು ಖಾತೆಯವರು ಪೂರ್ತಿ ತುಂಬಿ ಮೇಲೆ ರಸ್ತೆ ಹಾಕೋಣ ಅನ್ನುತ್ತಿದ್ದರು. ನಡುವೆ ನಾವು. ಹೊಳೆಯಲ್ಲಿ ಈಗ ಎಷ್ಟು ಖಡಶಿ ಇವೆ, ವರ್ಷಕ್ಕೆ ಎಷ್ಟು ಮರಿ ಬದುಕುತ್ತವೆ, ಎಷ್ಟು ಬಲೆಗೆ ಹೋಗುತ್ತವೆ ಎಂದು ಕೊಟ್ಟರೆ ನಮ್ಮ ಕಂಪ್ಯೂಟರು ಇಪ್ಪತ್ತು ವರ್ಷ ಮುಂದಿನ ಹೊಳೆಯನ್ನು ಎರಡು ಗೆರೆಗಳಲ್ಲಿ ತೋರಿಸುತ್ತಿತ್ತು. ಕವಲು ತೆರೆದರೆ ಒಂದು ಗೆರೆ, ಮುಚ್ಚಿದರೆ ಇನ್ನೊಂದು. ಮುಚ್ಚಿದರೂ ಮೀನು ಉಳಿಯುತ್ತವೆ ಎಂದು ಗೆರೆ ಹೇಳಿದರೆ ರಸ್ತೆ, ಇಲ್ಲವಾದರೆ ಕವಲು ಎಂದು ಎರಡೂ ಖಾತೆಗಳು ಒಪ್ಪಿಕೊಂಡಿದ್ದವು.

ಮೊದಲ ದಿನ ಮಡುವಿನ ದಂಡೆಯ ಕೆಸರಿನಲ್ಲಿ ಜಾರಿ ಬಿದ್ದು ಕನ್ನಡದಲ್ಲಿ ಏನೋ ಬೈದುಕೊಂಡೆ. ದೋಣಿಯ ಮೇಲಿದ್ದ ಮುದುಕ ಬಲೆ ಕೊಡವುತ್ತಲೇ, “ಕಾಲ ಕೆಳಗ ನೋಡಕೋತ ಬಾ ಯವ್ವಾ,” ಅಂದ. ನನಗೆ ಕೂತಲ್ಲೇ ನಗು ಬಂತು. ಭೀಮೆಯ ಕೆಳದಂಡೆಯವನಂತೆ, ನಮ್ಮ ಕಲಬುರಗಿ ಕಡೆಯ ಅಂಬಿಗ. ಹರೆಯದಲ್ಲಿ ಮೀನಿನ ಬೆನ್ನು ಹತ್ತಿ ಹೊಳೆಯ ಮೇಲುಗಡೆ ಬಂದವನು ಇಲ್ಲೇ ಉಳಿದುಬಿಟ್ಟಿದ್ದ. ಸಂತೆಯ ಮರಾಠಿ ಚೆನ್ನಾಗಿ ಬರುತ್ತಿತ್ತು, ನನ್ನ ಹತ್ತಿರ ಮಾತ್ರ ಕನ್ನಡವೇ. ‘ರೀ’ ಹಚ್ಚಿ ಮಾತಾಡಿಸಿದರೆ ಸಿಟ್ಟಿಗೇಳುತ್ತಿದ್ದ, ತಾನೇನು ಸಾಹೇಬನೇ ಎಂದು. ಅಲ್ಲಿದ್ದ ನಾಲ್ಕು ದೋಣಿಗಳಿಗೆ ಅವನೇ ಹಿರಿಯ, ಎಲ್ಲರಿಗೂ ಕಾಕಾ.

ಹೋದಾಗಲೆಲ್ಲ ಕಾಕಾ ನನ್ನನ್ನು ಆ ಕವಲಿಗೆ ಕರೆದುಕೊಂಡು ಹೋಗುತ್ತಿದ್ದ. ಅಲ್ಲಿ ನೋಡಲು ಏನೂ ಇರಲಿಲ್ಲ, ಜಾಲಿ ಕಂಟಿ, ಒಣಗಿದ ಹೂಳು, ಅಷ್ಟೇ. ಅವನು ಮಾತ್ರ ನೀರು ಹರಿಯುತ್ತಿರುವಂತೆಯೇ ದಂಡೆಯಿಂದ ದೂರ ನಿಂತು, ಮೊದಲ ಮಳೆಗೆ ಖಡಶಿಗಳು ಬೆನ್ನು ಹೊರಗೆ ಹಾಕಿ ಏರಿ ಬರುತ್ತಿದ್ದುದನ್ನು ಹೇಳುತ್ತಿದ್ದ. ಬಸುರಿ ಮೀನಿಗೆ ಬಲೆ ಹಾಕದೆ ಆ ನಾಲ್ಕು ದಿನ ಸುಮ್ಮನೆ ಕೂತು ನೋಡುತ್ತಿದ್ದರಂತೆ. ಇದನ್ನು ತೆರೆಸಿ ಕೊಡು, ಸಾಯುವುದರೊಳಗೆ ಇನ್ನೊಮ್ಮೆ ನೋಡಬೇಕು ಅನ್ನುತ್ತಿದ್ದ. ತೆರೆಸುವುದು ನನ್ನ ಕೈಯಲ್ಲೇ ಇದೆ ಅನ್ನುವ ಹಾಗೆ. ನಾನೂ ಅದು ನನ್ನ ಕೈಯಲ್ಲೇ ಇರುವ ಹಾಗೆ ತಲೆಯಾಡಿಸುತ್ತಿದ್ದೆ.

ಮಡುವಿನ ಮೀನುಗಳನ್ನು ಒಂದೊಂದಾಗಿ ಎಣಿಸಲು ಆಗುವುದಿಲ್ಲ. ಸರ್ ಒಂದು ಡಬ್ಬಿ ಬಟಾಣಿ ಇಟ್ಟುಕೊಂಡು ನಮಗೆ ವಿವರಿಸಿದ್ದರು. ಒಂದು ಹಿಡಿ ತೆಗೆದು ಶಾಯಿಯಿಂದ ಗುರುತು ಮಾಡಿ ಮತ್ತೆ ಡಬ್ಬಿಗೆ ಹಾಕಿ ಅಲ್ಲಾಡಿಸಿ. ಇನ್ನೊಂದು ಹಿಡಿ ತೆಗೆಯಿರಿ. ಗುರುತಿನ ಕಾಳು ಬಹಳ ಬಂದರೆ ಡಬ್ಬಿಯಲ್ಲಿ ಕಾಳು ಕಡಿಮೆ, ಒಂದೋ ಎರಡೋ ಬಂದರೆ ಡಬ್ಬಿ ತುಂಬ ದೊಡ್ಡದು. ಹಾಗೆಯೇ ಖಡಶಿಗಳನ್ನು ಹಿಡಿದು, ಒಂದು ಈಜುರೆಕ್ಕೆಯ ತುದಿ ಕತ್ತರಿಸಿ ಮಡುವಿಗೆ ಬಿಡುವುದು. ಮುಂದೆ ಬೇಸಿಗೆಯವರೆಗೆ ದೋಣಿಯವರ ಬುಟ್ಟಿಗಳಲ್ಲಿ ಅಂಥವು ಎಷ್ಟು ಬಂದವು ಎಂದು ವಾರವಾರ ಬರೆದುಕೊಳ್ಳುವುದು. ರಿಜಿಸ್ಟರು ಅದಕ್ಕೇ ಇದ್ದದ್ದು.

ಗುರುತು ಹಾಕುವ ದಿನ, ಸಂಕ್ರಾಂತಿ ಮುಗಿದ ವಾರ, ಅವ್ವ ನನ್ನ ಕೈಗೊಂದು ತೆಂಗಿನಕಾಯಿ ಕೊಟ್ಟು ಕಳಿಸಿದ್ದಳು. ಕೆಲಸ ಎಂಥದ್ದೇ ಆಗಲಿ, ಆರಂಭ ಚೆನ್ನಾಗಿರಲಿ ಎಂದು. ದೇವರು ಗೀವರು ಎಂದರೆ ಮೂಗು ಮುರಿಯುತ್ತಿದ್ದ ಸರ್ ಕೂಡ ಆ ದಿನ ಬೇಡ ಅನ್ನಲಿಲ್ಲ. ಕಾಯಿ ಒಡೆದು ಹೊಳೆಗೆ ನೀರು ಬಿಟ್ಟರು, ದೋಣಿಯ ಮೂತಿಗೆ ಕುಂಕುಮ ಹಚ್ಚಿದರು, ಆಮೇಲೆ ಕತ್ತರಿ ಹಿಡಿದರು. ಮೀನುಗಳನ್ನು ನಾವು ಎರಡೂ ಕೈಯಲ್ಲಿ ಹಿಡಿದು ಮೆಲ್ಲಗೆ ನೀರಿಗೆ ಬಿಟ್ಟೆವು. ದೋಣಿಯವರು ಕೈಮುಗಿದು ನಿಂತಿದ್ದರು. ನಮ್ಮ ವಿಜ್ಞಾನಕ್ಕೆ ಎಂಥ ಗೌರವ ಎಂದು ನಾನು ಒಳಗೊಳಗೇ ಉಬ್ಬಿದ್ದೆ.

ಫೆಬ್ರುವರಿಯಿಂದ ಶನಿವಾರ ಶನಿವಾರ ಹೋದೆ. ರಾಂಜಣಗಾಂವ ದಾಟುವಾಗ ಬಸ್ಸಿನಲ್ಲಿದ್ದವರೆಲ್ಲ ಅಲ್ಲಿಯ ಗುಡಿಯ ಗಣಪತಿಗೆ ಕೈಮುಗಿಯುತ್ತಿದ್ದರು, ನಾನು ಗುರುತಿನ ಮೀನು ಸಿಗಲಪ್ಪಾ ಎಂದು ಬೇಡಿಕೊಳ್ಳುತ್ತಿದ್ದೆ. ಸಿಗಲಿಲ್ಲ. ದೋಣಿಯವರು ಬುಟ್ಟಿ ಮುಂದೆ ಇಡುತ್ತಿದ್ದರು, ಕಾಕಾ ಒಂದೊಂದನ್ನೂ ತೋರಿಸಿ ಎಣಿಸಿಕೊಡುತ್ತಿದ್ದ, ಒಂದಕ್ಕೂ ರೆಕ್ಕೆ ಕತ್ತರಿಸಿರುತ್ತಿರಲಿಲ್ಲ. ಅಷ್ಟೂ ತಿಂಗಳಿಗೆ ಸಿಕ್ಕಿದ್ದು ಎರಡೇ ಎರಡು, ಅವೂ ನಾವೇ ಪರೀಕ್ಷೆಗೆ ಬೀಸಿದ ಬಲೆಯಲ್ಲಿ. ಕಂಪ್ಯೂಟರಿನ ಅಂಕಿ ಉಬ್ಬುತ್ತಲೇ ಹೋಯಿತು. ಮಡು ತುಂಬ ಮೀನು! ಕವಲು ಮುಚ್ಚಿದರೂ ಏನೂ ಆಗದು ಎಂದು ಗೆರೆ ನೆಟ್ಟಗೆ ಮಲಗಿತ್ತು. ಸರ್‌ಗೆ ನಂಬಿಕೆ ಬರಲಿಲ್ಲ, ಮೂರು ಸಲ ತಾಳೆ ನೋಡಿಸಿದರು, ನನ್ನ ಲೆಕ್ಕದಲ್ಲಿ ತಪ್ಪು ಇರಲಿಲ್ಲ. ಮೇ ಕೊನೆಯಲ್ಲಿ ಎರಡೂ ಖಾತೆಗಳ ಸಭೆ ಎಂದು ಗೊತ್ತಾಯಿತು, ವರದಿ ಮುಂಚಿತವಾಗಿ ಹೋಯಿತು.

ಸಭೆಗೆ ಮೂರು ದಿನ ಇತ್ತು. ಕೊನೆಯ ಲೆಕ್ಕಕ್ಕೆಂದು ಹೋದವಳು ಅಂದು ಬೇಗ ತಲುಪಿ ಕಾಕಾನ ದೋಣಿ ಹತ್ತಿದೆ. ಬಲೆ ಎಳೆದ. ನಾಲ್ಕು ಖಡಶಿ. ಅದರಲ್ಲೊಂದನ್ನು ಬಿಡಿಸಿಕೊಂಡು ಎರಡೂ ಕೈಯಲ್ಲಿ ಎತ್ತಿ ಕಣ್ಣಿಗೆ ಒತ್ತಿಕೊಂಡು ನೀರಿಗೆ ಬಿಟ್ಟ. ಅದರ ರೆಕ್ಕೆಯ ತುದಿ ಇರಲಿಲ್ಲ. ಯಾಕೆ ಬಿಟ್ಟೆ ಎಂದು ಕೇಳಿದೆ.

“ಅದು ದೇವರಿಗೆ ಬಿಟ್ಟ ಮೀನಲ್ಲೇನ ಯವ್ವಾ? ನೀವ ಕಾಯಿ ಒಡದು ಬಿಟ್ಟೀರಿ.”

ಊರಲ್ಲಿ ಕಿವಿ ಸೀಳಿ ದೇವರಿಗೆ ಬಿಟ್ಟ ಗೂಳಿಯನ್ನು ಯಾರೂ ಕಟ್ಟುವುದಿಲ್ಲವಲ್ಲ, ಹಾಗೆ. ನಾಲ್ಕು ದೋಣಿಯವರೂ ಆ ಮೀನುಗಳನ್ನು ಬಲೆಯಿಂದ ಬಿಡಿಸಿ ಬಿಡುತ್ತಲೇ ಬಂದಿದ್ದರು. ಎಷ್ಟು ಬಿಟ್ಟಿದ್ದೀರಿ ಎಂದರೆ ದೇವರದನ್ನು ಎಣಿಸಬಾರದು ಅಂದ. ನಾವು ಕೇಳಿದ್ದು ಬುಟ್ಟಿಯ ಲೆಕ್ಕ, ಅವರು ಕೊಟ್ಟದ್ದೂ ಬುಟ್ಟಿಯ ಲೆಕ್ಕವೇ. ಯಾರೂ ಸುಳ್ಳು ಹೇಳಿರಲಿಲ್ಲ. ಆ ಕಾಯಿಯನ್ನು ಹೊತ್ತು ತಂದವಳು ನಾನು.

ದೋಣಿಯಲ್ಲೇ ಕೂತು ಬಟಾಣಿಯ ಡಬ್ಬಿಯ ವಿಷಯ ಹೇಳಿದೆ. ಓದು ಬರಹ ಇಲ್ಲದ ಮನುಷ್ಯ, ನಾನು ಎರಡು ವಾರ ತಲೆ ಕೆಡಿಸಿಕೊಂಡು ಕಲಿತದ್ದನ್ನು ಅರ್ಧ ಮಾತಿನಲ್ಲೇ ಹಿಡಿದ. ಹುಟ್ಟು ಒಳಗೆಳೆದು ಇಟ್ಟ. ದೋಣಿ ತಾನೇ ತೇಲಿ ಕವಲಿನ ಕಡೆ ಹೋಗುತ್ತಿತ್ತು. “ಹಂಗಾದ್ರ ನಾನ ಮುಚ್ಚಿಧಂಗಾತು,” ಅಂದ ಕೊನೆಗೆ...

ಸರ್ ಕೇಳಿ ತಲೆ ಹಿಡಿದುಕೊಂಡು ಕೂತರು. ವರದಿ ಹಿಂದಕ್ಕೆ ತೆಗೆದುಕೊಂಡರೆ ಕಾರಣ ಹೇಳಬೇಕು. ಕಾರಣವೆಂದರೆ ತೆಂಗಿನಕಾಯಿ. ಕೊನೆಗೆ ಕಾಕಾನನ್ನೇ ಸಭೆಗೆ ಕರೆತರುವುದೆಂದಾಯಿತು. ಉಳಿದ ದೋಣಿಯವರು ದೇವರ ಮಾತನ್ನು ಕಚೇರಿಗೆ ಒಯ್ಯಬೇಡ ಎಂದು ಜಗಳ ತೆಗೆದಿದ್ದರಂತೆ. ಆದರೂ ಬಂದ, ಇಸ್ತ್ರಿ ಮಾಡಿದ ಧೋತರ ಉಟ್ಟು.

ಉದ್ದನೆಯ ಮೇಜು. ರಸ್ತೆಯ ಖಾತೆಯ ಎಂಜಿನಿಯರರು ಕೆಟ್ಟವರೇನಲ್ಲ, ಕುರ್ಚಿ ಕೊಡಿಸಿದರು, ಸಮಾಧಾನದಿಂದಲೇ ಮಾತಾಡಿಸಿದರು. ಆದರೆ ಸಾಹೇಬರ ಸಾಲು ನೋಡಿ ಕಾಕಾನ ಮರಾಠಿ ಕೈಕೊಟ್ಟಿತು. ನನ್ನ ಕಡೆ ತಿರುಗಿ ಕನ್ನಡದಲ್ಲಿ ಹೇಳತೊಡಗಿದ, ನಾನು ಒಂದೊಂದೇ ವಾಕ್ಯ ಮರಾಠಿಗೆ ಹಾಕುತ್ತ ಹೋದೆ. ಆ ಕೋಣೆಯಲ್ಲಿ ಕನ್ನಡ ಬರುತ್ತಿದ್ದವರು ನಾವಿಬ್ಬರೇ. ಕೆಲವರು ನಕ್ಕರು. ಎಂಜಿನಿಯರರು ನಗಲಿಲ್ಲ. ಸರಿ, ಒಪ್ಪುತ್ತೇನೆ, ಅಂದಾಜು ಎಷ್ಟು ಮೀನು ವಾಪಸು ಬಿಟ್ಟಿರಿ ಎಂದು ಕೇಳಿದರು. ಒಂದು ಅಂಕಿ ಕೊಡಲಿ, ಲೆಕ್ಕ ಮತ್ತೆ ಮಾಡಿಸೋಣ.

ಕಾಕಾ ನನ್ನ ಮುಖ ನೋಡಿದ. “ಎಣಸಿಲ್ಲ ಯವ್ವಾ. ಎಣಸಿದ್ರ ಹೇಳತಿದ್ದೆ.”

ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ಸರ್ ಪೆನ್ನು ಹಿಡಿದು ಕಾಯುತ್ತಿದ್ದರು. ಕವಲು ಉಳಿಸಲು ಎಷ್ಟು ಬೇಕೆಂದು ನನಗೆ ಗೊತ್ತಿತ್ತು, ಹಿಂದಿನ ದಿನವೇ ಕಂಪ್ಯೂಟರಿನಲ್ಲಿ ಹಾಕಿ ನೋಡಿದ್ದೆ. ಚಾಳೀಸ್, ನಲವತ್ತು ಅನ್ನುತ್ತಿದ್ದಾರೆ ಎಂದೆ.

ಕಾಕಾ ಸೊಂಟ ನೆಟ್ಟಗೆ ಮಾಡಿದ. ಅಲ್ಲಿಯವರೆಗೆ ತೊದಲುತ್ತಿದ್ದವನು ಎಂಜಿನಿಯರರತ್ತ ತಿರುಗಿ ಸ್ವಚ್ಛ ಮರಾಠಿಯಲ್ಲಿ, “ಸಾಹೇಬ, ಆಕಡಾ ಮೀ ನಾಹೀ ಸಾಂಗಿತಲಾ,” ಅಂದ. ಅಂಕಿ ನಾನು ಹೇಳಿಲ್ಲ, ಅಂದ.

ಎಂಜಿನಿಯರರು ಕಡತ ಮುಚ್ಚಿದ್ದು ಈಗಲೂ ಕಣ್ಣಿಗೆ ಕಟ್ಟಿದಂತಿದೆ. ಸರ್ ನನ್ನ ಕಡೆ ನೋಡಲೇ ಇಲ್ಲ.

ಹೊರಗೆ ಮೆಟ್ಟಿಲ ಮೇಲೆ ಕಾಕಾ, “ಸಿಟ್ಟಾಗಬ್ಯಾಡ. ನನಗ ಗೊತ್ತಿಲ್ಲದ್ದು ನನ್ನ ಬಾಯಾಗ ಬ್ಯಾಡ,” ಅಂದ. ನನಗೆ ನಾಚಿಕೆಗಿಂತ ಸಿಟ್ಟೇ ಹೆಚ್ಚು ಬಂದಿತ್ತು. ನಿನ್ನ ಕವಲಿಗಾಗಿಯೇ ಹೇಳಿದ್ದಲ್ಲವೇ ಎಂದು. ಶಿವಾಜಿನಗರ ಸ್ಟ್ಯಾಂಡಿನಲ್ಲಿ ಶಿರೂರಿನ ಬಸ್ಸು ಹತ್ತಿಸಿ, ಅದು ಹೊರಡುವವರೆಗೂ ನಿಲ್ಲದೆ ತಿರುಗಿ ಬಂದುಬಿಟ್ಟೆ.

ಜೂನಿನ ಮಧ್ಯದಲ್ಲಿ ಕಚೇರಿಗೊಂದು ಫೋನು ಬಂತು. ಶಿರೂರಿನ ಎಸ್‌ಟಿಡಿ ಬೂತಿನಿಂದ, ಹಿಂದೆ ಲಾರಿಗಳ ಹಾರ್ನು.

“ಯವ್ವಾ, ಎಣಸೇನಿ. ಹದಿನೈದು ದಿನದಾಗ ಮೂವತ್ತೊಂದ ಬಂದಾವ. ಕೈ ಮುಗದು ಮುಗದು ಎಣಸೇನಿ. ಇಷ್ಟ ಸಾಕಾಗತದೇನು?”

ಮಳೆ ಹಿಡಿಯುವ ಮುಂಚೆ ಬಲೆ ಬೀಸಿ, ದೇವರ ಮೀನುಗಳನ್ನು ಒಂದೊಂದೇ ಎಣಿಸಿ ಬಿಟ್ಟಿದ್ದ. ಆ ಕೆಲಸ ಅವನಿಗೆ ಎಷ್ಟು ಕಷ್ಟದ್ದು ಎಂದು ನನಗೆ ಗೊತ್ತಿತ್ತು. ರಸ್ತೆಗೆ ಮಂಜೂರಾತಿ ಸಿಕ್ಕಿ ವಾರವಾಗಿದೆ ಎಂಬುದೂ ಗೊತ್ತಿತ್ತು.

“ಸಾಕಾಗತದ ಕಾಕಾ. ಕಂಪ್ಯೂಟರಿಗೆ ಹಾಕತೇನಿ,” ಎಂದೆ.

ಹಾಕಿಯೂ ಹಾಕಿದೆ. ಕವಲು ಮುಚ್ಚಿದ ಗೆರೆ ಐದಾರು ವರ್ಷದಲ್ಲೇ ಕೆಳಗಿಳಿದು ತಳ ಮುಟ್ಟಿತು. ಹಾಳೆಯನ್ನು ಸರ್ ಮುಂದಿಟ್ಟಾಗ ಅವರು ಮಡಚಿ ಡ್ರಾಯರಿಗೆ ಹಾಕಿದರು. ಆ ನಲವತ್ತು ನೀನು ಹೇಳದಿದ್ದರೆ ಇದನ್ನು ಹಿಡಿದುಕೊಂಡು ಇನ್ನೊಮ್ಮೆ ಹೋಗಬಹುದಿತ್ತು, ಈಗ ನಮ್ಮ ಅಂಕಿಯನ್ನು ಯಾರು ನಂಬುತ್ತಾರೆ ಎಂದರು. ಗದರಿಸಲಿಲ್ಲ. ಗದರಿಸಿದ್ದರೆ ಒಳ್ಳೆಯದಿತ್ತು.

ಮುಂದಿನದು ನಮ್ಮ ಜೀಪಿನ ಡ್ರೈವರ್ ಹೇಳಿದ್ದು. ದೀಪಾವಳಿ ಕಳೆದ ಮೇಲೆ ರಸ್ತೆಗೆ ಹಾಸುವ ಮುರುಮು ಮಣ್ಣಿನ ಲಾರಿಗಳು ಬಂದಾಗ ಕಾಕಾ ಕವಲಿನ ಬಾಯಲ್ಲಿ ನಿಂತಿದ್ದನಂತೆ. ಲಾರಿಯವನಿಗೆ, ಇಲ್ಲಿ ಸುರಿಯಬೇಡ, ಏನೋ ತಪ್ಪಾಗಿ ಬಂದಿದ್ದೀ, ನಾನು ಎಣಿಕೆ ಕೊಟ್ಟಿದ್ದೇನೆ, ಪುಣೆಯಲ್ಲಿ ನಮ್ಮ ಹುಡುಗಿ ಸಾಕಾಗುತ್ತದೆ ಅಂದಿದ್ದಾಳೆ ಎಂದು ಬಿಡಿಸಿ ಹೇಳುತ್ತಿದ್ದನಂತೆ. ಕೈ ಹಿಡಿದು ಪಕ್ಕಕ್ಕೆ ಸರಿಸಿದರು. ರಸ್ತೆಯಾಯಿತು. ಆಮೇಲೂ, ಅವಳಿಗೆ ತಡವಾಗಿರಬೇಕು, ಬಂದು ರಸ್ತೆ ಒಡೆಸುತ್ತಾಳೆ ಎಂದು ಸಿಕ್ಕವರಿಗೆಲ್ಲ ಹೇಳುತ್ತಿದ್ದನಂತೆ. ಎರಡು ಸಾವಿರದ ಐದೋ ಆರೋ ಇಸವಿಯಲ್ಲಿ, ಮೊದಲ ಮಳೆಯ ದಿನಗಳಲ್ಲಿ ತೀರಿಕೊಂಡ. ಆಗ ಮಡುವಿನಲ್ಲಿ ಖಡಶಿ ಸಿಗುವುದು ನಿಂತು ಎರಡು ವರ್ಷವಾಗಿತ್ತು.

ಈಗ ನಾನು ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರ ಕಲಿಸುತ್ತೇನೆ. ಮಕ್ಕಳು ಒಳ್ಳೆಯವರು, ನನ್ನನ್ನು ಶಿಸ್ತಿನ ಮೇಡಂ ಅನ್ನುತ್ತಾರೆ. ಕಾಕಾ ಬದುಕಿದ್ದ ಅಷ್ಟೂ ವರ್ಷ ಒಂದು ಸಲ ಹೋಗಿ, ಸಾಕಾಗಲಿಲ್ಲ ಕಾಕಾ, ನಾನು ಸುಳ್ಳು ಹೇಳಿದೆ ಎಂದು ಹೇಳಬಹುದಿತ್ತು. ಶಿರೂರು ದೂರವೇನಲ್ಲ, ಬಸ್ಸಿಗೆ ಎರಡು ತಾಸು. ನಾನು ಹೋಗಲಿಲ್ಲ.