ಫೈಲಿನ ಹೆಸರು ನಯನ

ಮದ್ದೂರು ಬಸ್‌ಸ್ಟ್ಯಾಂಡಿನ ಎದುರು ತಿಥಿ ಕಾರ್ಡು ಮಾಡುವ ಸಿದ್ದರಾಮುವಿನ ಮುಖ ನೋಡಿದರೆ, ತಾಲ್ಲೂಕಿನಲ್ಲಿ ಸತ್ತವರೆಲ್ಲ ಅವನ ನೆಂಟರೇ ಅನ್ನಬೇಕು. ಈಗ ಅಚ್ಚು ಹಾಕಿಸುವವರು ಕಡಿಮೆ. ವಾಟ್ಸಾಪಿಗೆ ಒಂದು ಪಿಡಿಎಫ್ ಸಾಕು. ಅವನೂ ಹೊಸದಾಗಿ ಏನನ್ನೂ ಮಾಡುವವನಲ್ಲ. ಅದೇ ಹಳೆಯ ಕಾರ್ಡು ತೆರೆದು, ಫೋಟೊ, ದಿನಾಂಕ ಬದಲಿಸಿ, "ದುಕ್ಕ ಪಡೋರ್ ಎಸ್ರು ಒಂದೊಂದಾಗಿ ಯೋಳಿ" ಎಂದು ಗದರಿ, ಟೀ ಆರುವುದರೊಳಗೆ ಕಳಿಸಿಬಿಡುತ್ತಾನೆ. ಫೈಲಿನ ಹೆಸರು ಮಾತ್ರ, ಯಾರು ಸತ್ತಿರಲಿ, 'ನಯನ'. "ನಮ್ಮಪ್ಪನ್ ಕಾರ್ಡಿಗೆ ಯಾವ್ ನಯನಾನ್ಲಾ? ಬದಲಾಯ್ಸ್ಲಾ" ಎಂದು ಆತಗೂರಿನ ಸ್ವಾಮಿ ರೇಗಿದ. "ಒಳಗೆ ನಿಮ್ಮಪ್ಪಾರೇ ಅವ್ರೆ, ಬುಡ್ಲಾ" ಎಂದ ಸಿದ್ದರಾಮು. ಬದಲಿಸುವುದು ಅವನಿಗೆ ಗೊತ್ತಿಲ್ಲದ್ದೇನಲ್ಲ. ಅವನು ಮಾಡಿದ ಮೊಟ್ಟಮೊದಲ ಕಾರ್ಡು ಆ 'ನಯನ'. ಅದರಲ್ಲಿ 'ದುಃಖತಪ್ತರು' ಎಂಬುದರ ಕೆಳಗೆ ಒಂದೇ ಹೆಸರಿತ್ತು: ತಂದೆ, ಸಿದ್ದರಾಮು.