ಹತ್ತನೇ ತರಗತಿಯ ಗಣಿತ ಮತ್ತು ಅವ್ವನ ಬಡ್ತಿ

ನಮ್ಮ ಅವ್ವ ಖಡಕಿಯ ಒಂದು ಮರಾಠಿ ಶಾಲೆಯಲ್ಲಿ ಹತ್ತನೇ ತರಗತಿಗೆ ಗಣಿತ ಕಲಿಸುತ್ತಿದ್ದಳು. ಬಹಳ ಚೆನ್ನಾಗಿ ಕಲಿಸುತ್ತಿದ್ದಳು. ಅವಳ ಬಡ್ತಿಗೆ ಅಡ್ಡ ಬಂದ ಏಕೈಕ ದೋಷ ಅದು. ಹೆಡ್‌ಮಾಸ್ತರರ ಕೈಕೆಳಗಿನ ಸೂಪರ್‌ವೈಸರ್ ಹುದ್ದೆ ಎರಡು ಸಲ ಖಾಲಿಯಾಗಿ, ಎರಡು ಸಲವೂ ಅವಳಿಗಿಂತ ಕಿರಿಯರ ಪಾಲಾಗಿತ್ತು. ಈಗ ಮತ್ತೆ ಖಾಲಿಯಾಗಿತ್ತು.

"ಹೆಡ್‌ಮಾಸ್ತರ್ ಈ ಸಲಾನೂ ಅದನ್ನ ಅಂದ್ರು," ಎಂದಳು ಅವ್ವ, ಮೆಂತ್ಯ ಸೊಪ್ಪು ಸೋಸುತ್ತ. "'ಮ್ಯಾಡಂ, ನೀವು ಮ್ಯಾಲ ಹೋದ್ರ ಹತ್ತನೇದವ್ರಿಗೆ ಗಣಿತ ಯಾರು ಕಲಿಸ್ಬೇಕು' ಅಂತ."

ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಪಳಗಿದ ನಾಲಿಗೆ ನನ್ನದು. ಇಂಥ ವಾದ ಕೇಳಿ ಸುಮ್ಮನಿರುವುದುಂಟೇ? "ಚಲೋ ಕಲಿಸಾವ್ರು ಅಲ್ಲೇ ಇರ್ಬೇಕು, ಕಲಿಸಾಕ ಬರಲಾರದವ್ರು ಮ್ಯಾಲ ಹೋಗ್ಬೇಕು. ಹಂಗಾದ್ರ ಹೆಡ್‌ಮಾಸ್ತರ್ ತಮ್ಮ ಬಗ್ಗೆ ತಾವಽ ಏನ್ ಹೇಳ್ಕೊಂಡಂಗಾತು?"

"ಅವರೂ ಗಣಿತದವರು. ಭಾಳ ಚಲೋ ಕಲಿಸ್ತಿದ್ರು."

ಮೊದಲ ಅಂಶ ಬಿತ್ತು. ಎರಡನೆಯದನ್ನು ಎತ್ತಿದೆ. "ಹಂಗಾದ್ರ ಒಂದು ತಿಂಗಳು ಕೆಟ್ಟದಾಗಿ ಕಲಿಸು."

"ಹುಡುಗೂರು ಬೋರ್ಡ್ ಪರೀಕ್ಷಾಕ್ಕ ಕೂಡಾವ್ರು. ನಿನ್ನ ವಾದಕ್ಕ ಅವ್ರು ಯಾಕ ಫೇಲ್ ಆಗ್ಬೇಕು?"

ಎರಡನೆಯದೂ ಬಿತ್ತು. ಆದರೂ ಅರ್ಧ ಗಂಟೆ ಮಾತಾಡಿದೆ.

ಮುಂದಿನ ವಾರ ಅವ್ವ ಮಾಡಿದ್ದು ಇಷ್ಟೇ. ಹೆಡ್‌ಮಾಸ್ತರರು ಮಧ್ಯಾಹ್ನದ ಬಿಡುವಿಗೆ ಮುಂಚೆ ಕಾರಿಡಾರಿನಲ್ಲಿ ಒಂದು ಸುತ್ತು ಹಾಕುತ್ತಾರೆ. ಆ ಹೊತ್ತಿಗೆ ಸರಿಯಾಗಿ ಕರಿಹಲಗೆಯ ಮೇಲೆ ಒಂದು ಪ್ರಮೇಯ ಬರೆದು, ನಡುವಿನ ಒಂದು ಹಂತವನ್ನು ಬೇಕೆಂದೇ ತಪ್ಪು ಮಾಡಿ, ಹುಡುಕಿರೆಂದು ಮಕ್ಕಳಿಗೆ ಬಿಟ್ಟು, ತಾನು ಕಿಟಕಿಯ ಬಳಿ ನಿಂತಳು. ಹಲಗೆಯ ಮೇಲಿನ ತಪ್ಪು ಕಂಡೂ ಬಾಗಿಲು ದಾಟಿ ಹೋಗುವ ಗಣಿತದ ಮಾಸ್ತರು ಇನ್ನೂ ಹುಟ್ಟಿಲ್ಲ. ಹೆಡ್‌ಮಾಸ್ತರರು ದಾಟಿದರು, ನಿಂತರು, ಹಿಂದಕ್ಕೆ ಬಂದರು, ಅವ್ವನ ಕೈಯಿಂದ ಚಾಕ್‌ಪೀಸ್ ಇಸಿದುಕೊಂಡರು.

ತಿದ್ದಿದರು. ತಿದ್ದಿ ಹೋಗಬೇಕಿತ್ತು. ಹೋಗಲಿಲ್ಲ. ಆ ಪ್ರಮೇಯ ಮುಗಿಸಿ ಇನ್ನೊಂದಕ್ಕೆ ಕೈ ಹಾಕಿದರು. ಗಂಟೆ ಹೊಡೆದಾಗ ಅಂಗಿಯ ತೋಳೆಲ್ಲ ಸುಣ್ಣ. ಉಳಿದದ್ದು ನಾಳೆ ಎಂದರಂತೆ. ಮರುದಿನ ಬಂದರು. ಅದರ ಮರುದಿನ ಅವ್ವನಿಗಿಂತ ಮೊದಲೇ ಬಂದು ನಿಂತಿದ್ದರು.

"ಇದು ಯೋಜನೆ ಅಲ್ಲ, ಬರೀ ನಸೀಬು," ಎಂದು ನಾನು ಆಕ್ಷೇಪವೆತ್ತಿದೆ. ಅವ್ವ ಗಣನೆಗೇ ತೆಗೆದುಕೊಳ್ಳಲಿಲ್ಲ.

ಶನಿವಾರ ಹೆಡ್‌ಮಾಸ್ತರರೇ ಅವಳನ್ನು ತಮ್ಮ ಕೋಣೆಗೆ ಕರೆದರು. ಮನೆಗೆ ಬಂದು ಅವ್ವ ಅವರ ಮರಾಠಿಯನ್ನು ನಮ್ಮ ಕನ್ನಡದಲ್ಲಿ ಒಪ್ಪಿಸಿದಳು: "'ಹತ್ತನೇದವ್ರ ಗಣಿತ ನಾನು ನೋಡ್ಕೋತೇನ್ರಿ. ಆಫೀಸ್‌ನ್ಯಾಗ ಕೂತು ಕೂತು ಸಾಕಾಗೇದ. ಆದ್ರ ಶಾಲಿ ಸುತ್ತಾಕ ಯಾರರೆ ಬೇಕಲ್ಲ, ನೀವು ಸೂಪರ್‌ವೈಸರ್ ಆಗ್ತೀರೇನು' ಅಂದ್ರು."

"ನೀ ಏನಂದಿ?"

"ವಿಚಾರ ಮಾಡಿ ಸೋಮವಾರ ಹೇಳ್ತೇನಿ ಅಂದೆ."

ನನಗೆ ರೇಗಿತು. "ವಿಚಾರ ಮಾಡೂದು ಏನದ ಅದ್ರಾಗ? ಅಲ್ಲೇ ಹೂಂ ಅನ್ಬೇಕಿತ್ತಿಲ್ಲೋ?"

"ಇಷ್ಟು ವರ್ಷ ನನ್ನ ಕಾಯಿಸ್ಯಾರ. ಎರಡು ದಿನ ಅವರೂ ಕಾಯ್ಲಿ," ಎಂದಳು ಅವ್ವ, ಸೋಮವಾರಕ್ಕೆಂದು ತೆಗೆದಿಟ್ಟ ಹೊಸ ಸೀರೆಗೆ ಫಾಲ್ ಹಚ್ಚುತ್ತ.